ಬಸ್ಸಿನ ವೇಳೆ ಬರೆಯುವವರಿಗೆ ಗುಡ್ಡೆಯಿಂದ ಒಂದು ಪತ್ರ

ಮಂಗಳೂರಿನ ಬಸ್ಸುಗಳಿಗೆ ಪರ್ಮಿಟ್ಟನ್ನೂ ವೇಳಾಪಟ್ಟಿಯನ್ನೂ ಕೊಡುವ ಅಧಿಕಾರಿಗಳಿಗೆ, ಆ ಬಸ್ಸುಗಳನ್ನು ಓಡಿಸುವ ಮಾಲೀಕರಿಗೆ ನಮಸ್ಕಾರಗಳು.

ನಾನು ಕೊಣಾಜೆಯ ಗುಡ್ಡೆಯ ಮೇಲಿರುವ ಮಂಗಳೂರು ವಿಶ್ವವಿದ್ಯಾನಿಲಯದ ಆವರಣ ಮಂಗಳಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುತ್ತಿರುವವಳು. ಮನೆ ಕಿನ್ನಿಗೋಳಿಯಿಂದ ಇನ್ನೂ ಒಳಗೆ. ಬೆಳಿಗ್ಗೆ ಊರಿನಿಂದ ಕಿನ್ನಿಗೋಳಿಗೆ ಒಂದು ಬಸ್ಸು, ಅಲ್ಲಿಂದ ಕಟೀಲು, ಬಜ್ಪೆ ದಾರಿಯಾಗಿ ಮಂಗಳೂರಿಗೆ ಇನ್ನೊಂದು, ಸ್ಟೇಟ್ ಬ್ಯಾಂಕ್ ನಿಲ್ದಾಣದಿಂದ ಗುಡ್ಡೆಗೆ ಮೂರನೆಯದು. ಸಂಜೆ ಇದೇ ಮೂರು, ತಿರುಗಿ. ವಾರಕ್ಕೆ 36 ಬಸ್ಸು ಹತ್ತಿ ಇಳಿಯುವವಳಿಗೆ ಬಸ್ಸಿನ ಬಗ್ಗೆ ನಾಲ್ಕು ಮಾತು ಹೇಳುವ ಹಕ್ಕಿದೆಯೆಂದು ಭಾವಿಸಿ ಬರೆಯುತ್ತಿದ್ದೇನೆ. ಕೇಳುವುದು ಒಂದೇ: ಕತ್ತಲಾದ ಮೇಲಿನ ಟ್ರಿಪ್ಪುಗಳನ್ನು ಕಟ್ ಮಾಡಬೇಡಿ. ಇಷ್ಟಕ್ಕೆ ಇಷ್ಟುದ್ದದ ಪತ್ರವೇ ಎಂದು ಕೇಳಬಹುದು. ಒಂದು ಟ್ರಿಪ್ ತಪ್ಪಿದಾಗ ಅದರ ಜತೆಗೆ ಏನೇನು ತಪ್ಪಿಹೋಗುತ್ತದೆ ಎಂಬುದು ಆ ದಿನದ ಕಲೆಕ್ಷನ್ ಲೆಕ್ಕದಲ್ಲಿ ಕಾಣುವುದಿಲ್ಲ, ಅದಕ್ಕಾಗಿ.

ಘಟ್ಟದ ಮೇಲಿನಿಂದ ಓದಲು ಬಂದ ನನ್ನ ಗೆಳತಿ ಮೊದಲ ವಾರದಲ್ಲೇ ಕೇಳಿದ್ದಳು, ನಿಮ್ಮ ಕಡೆ ಕಾಲೇಜುಗಳೆಲ್ಲ ಗುಡ್ಡೆಯ ಮೇಲೇ ಯಾಕಿವೆ ಎಂದು. ನಾನು ಅದುವರೆಗೆ ಅದನ್ನು ಯೋಚಿಸಿಯೇ ಇರಲಿಲ್ಲ. ನೋಡಿದರೆ ಹೌದು. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು ಇರುವುದು ಲೈಟ್‌ಹೌಸ್ ಗುಡ್ಡದಲ್ಲಿ. ಟಿ.ಎಂ.ಎ. ಪೈಗಳು 1953ರಲ್ಲಿ ಮೆಡಿಕಲ್ ಕಾಲೇಜು ತೆರೆದದ್ದು ಮಣಿಪಾಲದ ಬೋಳುಗುಡ್ಡೆಯಲ್ಲಿ. ನಮ್ಮದು ಕೊಣಾಜೆಯ ಪದವಿನಲ್ಲಿ, ಅಂದರೆ ಗುಡ್ಡೆಯ ಮೇಲಿನ ಮಟ್ಟಸ ನೆಲದಲ್ಲಿ. ವಿಮಾನವನ್ನೂ ನಾವು ಬಜ್ಪೆಯ ಗುಡ್ಡೆಯ ಮೇಲೆಯೇ ಇಳಿಸುತ್ತೇವೆ. ಸುರತ್ಕಲ್ಲಿನಲ್ಲಿ ಕಡಲ ಬದಿಗೆ ಕಟ್ಟಿದ ಇಂಜಿನಿಯರಿಂಗ್ ಕಾಲೇಜೊಂದು ಇದಕ್ಕೆ ಹೊರತು. ಕಾರಣ ಹುಡುಕಲು ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ, ನಮ್ಮ ಅಜ್ಜಿಯನ್ನು ಕೇಳಿದರೆ ಸಾಕಾಯಿತು: ‘ಬೈಲಿನಲ್ಲಿ ಯಾರು ಜಾಗ ಬಿಡುತ್ತಾರೆ ಮಗಾ?’ ಬೈಲೆಂದರೆ ಗುಡ್ಡೆಗಳ ನಡುವಿನ ತಗ್ಗು, ಅಲ್ಲಿ ನೀರಿದೆ. ನೀರಿದ್ದಲ್ಲಿ ಗದ್ದೆ, ತೋಟ, ಮನೆ, ದೈವಸ್ಥಾನ. ಮೇಲೆ ಮುರಕಲ್ಲಿನ ಹಾಸು, ಮುಳಿಹುಲ್ಲು, ಕುಂಟಲದ ಪೊದೆ, ಅಲ್ಲಲ್ಲಿ ಗೇರು. ಮಳೆಗಾಲದಲ್ಲಿ ಮೂರು ಮೀಟರಿಗೂ ಹೆಚ್ಚು ಮಳೆ ಸುರಿದು, ಮಾರ್ಚಿಗೆ ಬಾವಿಯ ತಳ ಕಾಣುವ ಜಾಗ. ಯಾರಿಗೂ ಬೇಡವಾದ ಆ ಬೋಳು ನೆಲ ವಿದ್ಯೆಯ ಪಾಲಿಗೆ ಬಂತು. ಹಾಗಾಗಿ ನಮ್ಮ ಜಿಲ್ಲೆಗಳಲ್ಲಿ ಮನೆ ಕೆಳಗೆ, ಪಾಠ ಮೇಲೆ. ನಡುವಿನದ್ದು ಪೂರ್ತಿ ನಿಮ್ಮ ಕೈಯಲ್ಲಿದೆ.

ಮೈಸೂರು ವಿಶ್ವವಿದ್ಯಾನಿಲಯ ತನ್ನ ಸ್ನಾತಕೋತ್ತರ ಕೇಂದ್ರವನ್ನು ಇಲ್ಲಿಗೆ ತಂದದ್ದು 1968ರಲ್ಲಿ. ಅಲ್ಲಿಯ ಮಾನಸಗಂಗೋತ್ರಿಯ ಜೋಡಿ ಹೆಸರಾಗಿ ಇದು ಮಂಗಳಗಂಗೋತ್ರಿಯಾಯಿತು. 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಎಸ್.ವಿ. ಪರಮೇಶ್ವರ ಭಟ್ಟರು ಕನ್ನಡ ವಿಭಾಗವನ್ನು ಕಟ್ಟಿದ ಕಾಲದಲ್ಲಿ ಈ ಗುಡ್ಡೆಗೆ ಜನ ಹೇಗೆ ಬರುತ್ತಿದ್ದರೋ ಎಂದು ನಾನು ಎಷ್ಟೋ ಸಲ ಬಸ್ಸಿನ ಕಂಬಿ ಹಿಡಿದು ನಿಂತು ಯೋಚಿಸಿದ್ದೇನೆ. ಅಂದಿನವರಿಗೆ ಹೋಲಿಸಿದರೆ ನಮ್ಮದು ಸುಖದ ಬಾಳು ಎಂದು ಹಿರಿಯರು ಹೇಳಿಯಾರು. ಒಪ್ಪುತ್ತೇನೆ. ಆದರೆ ಅಂದಿನವರು ಇಲ್ಲದ ಬಸ್ಸನ್ನು ಕಾಯುತ್ತಿರಲಿಲ್ಲ. ನಾವು ಇದೆಯೆಂದು ಬರೆದಿಟ್ಟ ಬಸ್ಸನ್ನು ಕಾಯುತ್ತಿದ್ದೇವೆ.

ದಾರಿಯ ಬಗ್ಗೆ ನನಗೆ ದೂರಿಲ್ಲ. ನಿಜ ಹೇಳಬೇಕೆಂದರೆ ನನ್ನ ಎಂ.ಎ.ಯ ಅರ್ಧ ಪಾಠ ಆ ದಾರಿಯಲ್ಲೇ ಆಗಿದೆ. ಪಂಪ್‌ವೆಲ್ ದಾಟಿ, ನೇತ್ರಾವತಿ ಸೇತುವೆಗೆ ಬರುವಾಗ ಬಸ್ಸಿನೊಳಗಿನ ಮಾತು ಒಂದು ಕ್ಷಣ ನಿಲ್ಲುತ್ತದೆ. ಎಡಬಲದ ಕಿಟಕಿಗಳಿಂದ ಗಾಳಿ ನುಗ್ಗುತ್ತದೆ. ಎರಡು ವರ್ಷದಿಂದ ದಿನಾ ನೋಡಿದ ಹೊಳೆಯನ್ನೇ ಎಲ್ಲರೂ ಕತ್ತು ತಿರುಗಿಸಿ ಮತ್ತೆ ನೋಡುತ್ತಾರೆ. ತೊಕ್ಕೊಟ್ಟಿನಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದ ಮೇಲೆ ಭಾಷೆಗಳ ಸಂತೆ. ಹಿಂದಿನ ಸೀಟಿನಲ್ಲಿ ಬ್ಯಾರಿ, ಪಕ್ಕದಲ್ಲಿ ಮಲಯಾಳ, ಮುಂದೆ ಇಬ್ಬರು ಬಾಯಮ್ಮಂದಿರ ಕೊಂಕಣಿ, ಇವೆಲ್ಲವುಗಳ ಮೇಲೆ ಕಂಡಕ್ಟರರ ತುಳು: ‘ದುಂಬು ಪೋಲೆ, ದುಂಬು ಪೋಲೆ!’ ಎಷ್ಟು ಮುಂದೆ ಹೋದರೂ ಇನ್ನೂ ಮುಂದೆ ಹೋಗಲು ಅವರಿಗೆ ಜಾಗ ಕಾಣಿಸುತ್ತದೆ. ಕುತ್ತಾರು ಬಂದಾಗ ಕೆಲವರು ಕುಳಿತಲ್ಲಿಂದಲೇ, ಕಳೆದುಹೋದದ್ದನ್ನು ಹುಡುಕಿಕೊಡುವ ದೈವ ಕೊರಗಜ್ಜನಿಗೆ ಕೈಮುಗಿಯುತ್ತಾರೆ. ಹೋದ ವರ್ಷ ನನ್ನ ಹಾಲ್ ಟಿಕೆಟ್ ಕಳೆದುಹೋದಾಗ ಅಜ್ಜನಿಗೆ ಚಕ್ಕುಲಿ, ವೀಳ್ಯದೆಲೆ ಹೇಳಿಕೊಂಡಿದ್ದೆ. ಮರುದಿನ ಅದು ನೋಟ್ಸಿನ ನಡುವೆಯೇ ಸಿಕ್ಕಿತು. ಬಸ್ಸಿಗಾಗಿ ಹೇಳಿಕೊಳ್ಳುವುದು ಮಾತ್ರ ಸರಿಯಲ್ಲವೆಂದು ಬಿಟ್ಟಿದ್ದೇನೆ, ಅದು ಕಳೆದುಹೋದ ವಸ್ತುವಲ್ಲ, ಯಾರೋ ಶೆಡ್ಡಿನಲ್ಲಿ ನಿಲ್ಲಿಸಿರುವ ವಸ್ತು. ದೇರಳಕಟ್ಟೆಯಲ್ಲಿ ಬಿಳಿ ಕೋಟು ತೋಳಿಗೆ ಹಾಕಿಕೊಂಡ ಮಕ್ಕಳೆಲ್ಲ ಇಳಿದಾಗ ಕೂರಲು ಸೀಟು ಸಿಗುತ್ತದೆ. ನಾಟೆಕಲ್, ಅಸೈಗೋಳಿ ಆದ ಮೇಲೆ ಏರು. ಗುಡ್ಡೆ.

ಈಗ ಜುಲೈ ತಿಂಗಳ ಒಂದು ಸಂಜೆಯ ಕತೆ ಹೇಳುತ್ತೇನೆ.

ತುಳುವಿನಿಂದ ಕರಾವಳಿಯ ಕನ್ನಡಕ್ಕೆ ಬಂದ ಮಾತುಗಳ ಮೇಲೆ ಒಂದು ಕಿರುಪ್ರಬಂಧ ಬರೆಯುತ್ತಿದ್ದೇನೆ. ಉಡುಪಿಯಲ್ಲಿ ಸಿದ್ಧವಾದ ಆರು ಸಂಪುಟಗಳ ತುಳು ನಿಘಂಟು ಅದಕ್ಕೆ ಬೇಕೇ ಬೇಕು. ಅದನ್ನು ಮನೆಗೆ ಒಯ್ಯುವ ಹಾಗಿಲ್ಲ, ಒಯ್ಯಲು ಕೊಟ್ಟರೂ ಮೂರು ಬಸ್ಸಿನಲ್ಲಿ ಹೊರುವ ಹಾಗಿಲ್ಲ. ಗ್ರಂಥಾಲಯದ ಮೂಲೆಯಲ್ಲಿ ಕುಳಿತು ‘ಪದವು’ ಎಂಬ ಮಾತಿನ ಬೆನ್ನು ಹತ್ತಿದ್ದೆ. ಹೊರಗೆ ಮಳೆ. ನನ್ನ ಲೆಕ್ಕ ಹೀಗಿರುತ್ತದೆ: ಕಿನ್ನಿಗೋಳಿಯಿಂದ ನಮ್ಮೂರಿಗೆ ಕೊನೆಯ ಬಸ್ಸು ಎಂಟು ಹತ್ತಕ್ಕೆ. ಅದು ಸಿಗಬೇಕಾದರೆ ಸ್ಟೇಟ್ ಬ್ಯಾಂಕಿನಿಂದ ಆರೂ ಮುಕ್ಕಾಲಕ್ಕೆ ಹೊರಡಬೇಕು. ಅದಕ್ಕೆ ಗುಡ್ಡೆಯಿಂದ ಐದು ನಲವತ್ತರ ಬಸ್ಸು ಹಿಡಿಯಬೇಕು. ಐದೂವರೆಗೆ ಸಂಪುಟ ಮುಚ್ಚಿ, ಕೊಡೆ ಬಿಡಿಸಿ, ಓಡಿದೆ.

ಐದು ನಲವತ್ತಕ್ಕೆ ಬಸ್ಸು ಬರಲಿಲ್ಲ. ಆರಕ್ಕೆ ಬರಬೇಕಾದದ್ದೂ ಬರಲಿಲ್ಲ. ನಿಲ್ದಾಣದಲ್ಲಿ ನಾವು ಹದಿನೈದಿಪ್ಪತ್ತು ಮಂದಿ ಇದ್ದೆವು. ಮುರಕಲ್ಲಿನ ಕೆಂಪು ನೀರು ಚಪ್ಪಲಿಯ ಮೇಲೆ ಹರಿಯುತ್ತಿತ್ತು. ಅಂಗಡಿಯವರು ಹೇಳಿದರು, ‘ಅದು ಇವತ್ತು ಟ್ರಿಪ್ ಕಟ್ ಅಂತೆ.’ ಯಾಕೆ ಎಂದು ಯಾರೂ ಕೇಳಲಿಲ್ಲ. ಮಳೆ ಬಂದರೆ ಬಸ್ಸು ಕಟ್, ಭಾನುವಾರ ಕಟ್, ಮಾಲೀಕರ ಕಡೆಯ ಮದುವೆಗೆ ಬಸ್ಸು ಹೋದರೆ ಕಟ್. ಆರೂ ಇಪ್ಪತ್ತೈದಕ್ಕೆ ಒಂದು ಬಂತು, ಮೂರು ಬಸ್ಸಿನ ಜನರನ್ನು ಹೊತ್ತುಕೊಂಡು. ಕಂಡಕ್ಟರರ ಬಳಿ ಚಿಲ್ಲರೆ ಇರಲಿಲ್ಲ, ನನ್ನ ಬಳಿ ಇದ್ದದ್ದು ಐನೂರರ ಒಂದೇ ನೋಟು. ಮೊಬೈಲಿನಲ್ಲಿ ಹಣ ಕಳಿಸೋಣವೆಂದರೆ ಸಿಗ್ನಲ್ ಇಲ್ಲ. ‘ನಾಳೆ ಕೊಡಿ ಅಕ್ಕಾ’ ಎಂದು ಅವರು ಮುಂದೆ ಹೋದರು. ನೆಂದವರ ನಡುವೆ ನೆಂದು ನಿಂತವಳಿಗೆ ಆ ಒಂದು ಮಾತು ಎಷ್ಟು ಸಮಾಧಾನ ಕೊಟ್ಟಿತೆಂದು ಅವರಿಗೆ ಗೊತ್ತಿರಲಾರದು.

ಸ್ಟೇಟ್ ಬ್ಯಾಂಕ್ ತಲುಪಿದಾಗ ಎಂಟಕ್ಕೆ ಹತ್ತು ನಿಮಿಷ. ಎಂಟು ಹತ್ತರ ಬಸ್ಸಿನ ಆಸೆ ಬಿಟ್ಟು ಮನೆಗೆ ಫೋನು ಮಾಡಿದೆ. ಬೀಡಿ ಕಟ್ಟುತ್ತಿದ್ದ ಅಮ್ಮ ಮಡಿಲಿನ ಮೊರ ಕೆಳಗಿಟ್ಟು, ‘ಎಲ್ಲಿದ್ದೀ’ ಎಂದದ್ದು ಒಂದೇ ಮಾತು. ಅಪ್ಪ ಹಳೆಯ ಸ್ಕೂಟರಿನಲ್ಲಿ ಪ್ಲಾಸ್ಟಿಕ್ ಹೊದ್ದು ಕಿನ್ನಿಗೋಳಿಗೆ ಬಂದು ನಿಂತಿದ್ದರು. ಒಂಬತ್ತೂವರೆಗೆ ನಾನು ಇಳಿದಾಗ ಬೈಯಲಿಲ್ಲ. ಸ್ಕೂಟರಿನ ಸೀಟು ಒರೆಸಿ, ‘ನಾಳೆಯಿಂದ ಸ್ವಲ್ಪ ಬೇಗ ಹೊರಡು’ ಎಂದರು ಅಷ್ಟೆ. ಅಂದಿನಿಂದ ನಾನು ನಾಲ್ಕೂ ಮುಕ್ಕಾಲಕ್ಕೇ ಸಂಪುಟ ಮುಚ್ಚುತ್ತೇನೆ. ನಿಮ್ಮ ವೇಳಾಪಟ್ಟಿಯಲ್ಲಿ ಕಟ್ ಆದದ್ದು ಒಂದು ದಿನದ ಟ್ರಿಪ್. ನನ್ನ ಓದಿನಲ್ಲಿ ಕಟ್ ಆದದ್ದು ದಿನಕ್ಕೆ ಮುಕ್ಕಾಲು ಗಂಟೆ, ಇನ್ನೂ ಕಟ್ ಆಗುತ್ತಲೇ ಇದೆ.

ಹಾಸ್ಟೆಲಿನಲ್ಲಿರುವ ಗೆಳತಿಯರಿಗೆ ಈ ಸಂಕಟ ತಿರುಗುಮುರುಗು. ಅವರು ಗುಡ್ಡೆ ಇಳಿಯುವವರಲ್ಲ, ಕತ್ತಲಾದ ಮೇಲೆ ಗುಡ್ಡೆ ಹತ್ತಬೇಕಾದವರು. ನಾವೊಂದು ಐದು ಮಂದಿ ಭಾನುವಾರಗಳಲ್ಲಿ ತಿರುಗಾಡುವ ಚಟ ಹಚ್ಚಿಕೊಂಡಿದ್ದೇವೆ. ಪಾಠದಲ್ಲಿ ಬಂದ ಊರುಗಳನ್ನು ಕಣ್ಣಿನಿಂದ ನೋಡಿ ಬರುವ ಚಟ. ಗುಡ್ಡೆಯಲ್ಲಿ ಓದುವುದರ ದೊಡ್ಡ ಲಾಭವೇ ಇದು. ಯಾವ ದಿಕ್ಕಿಗೆ ಇಳಿದರೂ ಒಂದು ಅಧ್ಯಾಯ ಸಿಗುತ್ತದೆ. ಒಮ್ಮೆ ತೊಕ್ಕೊಟ್ಟಿಗೆ ಬಂದು, ತಲಪಾಡಿಯ ಬಸ್ಸು ಹತ್ತಿ, ಗಡಿಯಲ್ಲಿ ಇಳಿದು, ನಾಲ್ಕು ಹೆಜ್ಜೆ ನಡೆದು ಕೇರಳದ ಬಸ್ಸು ಹಿಡಿದು ಮಂಜೇಶ್ವರಕ್ಕೆ ಹೋದೆವು. ಗೋವಿಂದ ಪೈಗಳ ಮನೆ. ಮದರಾಸು ಸರಕಾರ 1949ರಲ್ಲಿ ರಾಷ್ಟ್ರಕವಿ ಎಂದು ಗೌರವಿಸಿದ ಕನ್ನಡದ ಕವಿಯ ಮನೆಗೆ ಹೋಗಲು ಈಗ ರಾಜ್ಯದ ಗಡಿ ದಾಟಬೇಕು ಎಂಬುದು ಭೂಪಟದಲ್ಲಿ ನೋಡಿದಾಗ ತಟ್ಟಲಿಲ್ಲ. ಬಸ್ಸು ಬದಲಿಸಿದಾಗ ತಟ್ಟಿತು. ಘಟ್ಟದ ಮೇಲಿನ ಗೆಳತಿ ಅಲ್ಲಿಯ ಅಂಗಳದಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಅವಳನ್ನು ಎಬ್ಬಿಸಿದ್ದು ನಾನೇ, ಗಡಿಯಾರ ತೋರಿಸಿ.

ಮೂಡುಬಿದಿರೆಯಲ್ಲಿ ಇನ್ನೂ ಕಷ್ಟವಾಯಿತು. 1430ರ ಸಾವಿರ ಕಂಬದ ಬಸದಿ. ಒಂದು ಕಂಬದಂತೆ ಇನ್ನೊಂದು ಕಂಬ ಇಲ್ಲ ಎನ್ನುತ್ತಾರಲ್ಲ, ಅದನ್ನು ಪರೀಕ್ಷಿಸಿಯೇ ಬರುವುದೆಂದು ಹಟ ತೊಟ್ಟು ಹೋಗಿದ್ದೆವು. ಎಪ್ಪತ್ತೆರಡನೆಯ ಕಂಬದ ಹತ್ತಿರ ಇದ್ದಾಗ ಒಬ್ಬಳು, ‘ಭಾನುವಾರ ಅಲ್ಲವಾ, ಗುಡ್ಡೆಗೆ ಏಳರ ಬಸ್ಸು ಇರುತ್ತದಾ?’ ಎಂದಳು. ಮುಗಿಯಿತು. ಉಳಿದ ಕಂಬಗಳ ವಿಷಯದಲ್ಲಿ ಹಿರಿಯರ ಮಾತನ್ನೇ ನಂಬಿದ್ದೇವೆ. ಕಾರ್ಕಳದ ಗೊಮ್ಮಟನ ಕಾಲಬುಡದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಆತನಿಗೆ ಅವಸರವಿಲ್ಲ, 1432ರಿಂದ ನಿಂತೇ ಇದ್ದಾನೆ.

ಯಕ್ಷಗಾನದ ಮಾತು ಬಿಟ್ಟರೆ ಈ ಪತ್ರ ಪೂರ್ತಿಯಾಗದು. ಹಿಂದೆ ಬಯಲಾಟ ಬೆಳಗಾಗುವವರೆಗೆ ನಡೆಯುತ್ತಿತ್ತು. ನಮ್ಮ ಮೇಷ್ಟರು ಹೇಳುವ ಹಾಗೆ, ಸಂಜೆಯ ಬಸ್ಸಿನಲ್ಲಿ ಹೋಗಿ, ರಾತ್ರಿಯಿಡೀ ಆಟ ನೋಡಿ, ಮಂಗಳ ಹಾಡುವ ಹೊತ್ತಿಗೆ ಬರುವ ಮೊದಲ ಬಸ್ಸು ಹತ್ತಿ ನೇರ ತರಗತಿಗೆ ಬಂದು ನಿದ್ದೆ ಮಾಡುತ್ತಿದ್ದರಂತೆ. ಈಗ ಎಷ್ಟೋ ಮೇಳಗಳು ಕಾಲಮಿತಿಗೆ ಬಂದಿವೆ. ಆಟ ನಡುರಾತ್ರಿಗೆ ಮುಗಿಯುತ್ತದೆ. ನೌಕರಿ ಇರುವವರಿಗೆ, ಕಾರು ಇರುವವರಿಗೆ ಒಳ್ಳೆಯದೇ ಆಯಿತು. ಬಸ್ಸನ್ನು ನಂಬಿದವರಿಗೆ ಮಾತ್ರ ನಡುರಾತ್ರಿ ಎನ್ನುವುದು ಯಾವ ದಡಕ್ಕೂ ಸೇರದ ಹೊತ್ತು: ಕೊನೆಯ ಬಸ್ಸು ಹೋಗಿ ಆಗಿದೆ, ಮೊದಲ ಬಸ್ಸಿಗೆ ಐದು ಗಂಟೆ ಇದೆ. ಯಕ್ಷಗಾನದ ಪ್ರಸಂಗಗಳ ಬಗ್ಗೆ ಪರೀಕ್ಷೆಯಲ್ಲಿ ಹತ್ತು ಅಂಕದ ಉತ್ತರ ಬರೆಯುವ ನಾನು ಈ ಎರಡು ವರ್ಷದಲ್ಲಿ ಪೂರ್ತಿ ನೋಡಿದ ಆಟ ಒಂದೇ, ಅದೂ ನಮ್ಮ ಮನೆಯ ಹತ್ತಿರದ ಗದ್ದೆಯಲ್ಲಿ. ನಡುರಾತ್ರಿಗೆ ಬಸ್ಸು ಬಿಡಿ ಎಂದು ಕೇಳುವಷ್ಟು ಧೈರ್ಯ ನನಗಿಲ್ಲ. ಕೇಳಿದರೆ ನೀವು ನಗುತ್ತೀರಿ.

ಮಾಲೀಕರೇ, ನಿಮ್ಮ ಕಷ್ಟ ಗೊತ್ತಿಲ್ಲವೆಂದಲ್ಲ. ನಮ್ಮ ಚಿಕ್ಕಪ್ಪ ಹತ್ತು ವರ್ಷ ಬಸ್ಸು ಓಡಿಸಿದವರು. ರಾತ್ರಿಯ ಟ್ರಿಪ್ಪಿನಲ್ಲಿ ಎಂಟು ಜನ ಇದ್ದರೆ ಡೀಸೆಲಿನ ದುಡ್ಡೂ ಹುಟ್ಟುವುದಿಲ್ಲ ಎಂದು ಅವರಿಂದ ಎಷ್ಟು ಸಲ ಕೇಳಿದ್ದೇನೋ. ಡ್ರೈವರು ಸಿಗುವುದಿಲ್ಲ, ಟಯರಿನ ಬೆಲೆ, ತೆರಿಗೆ, ವಿಮೆ. ಎಲ್ಲ ನಿಜ. ಆದರೆ ಆ ಎಂಟು ಜನ ಯಾಕೆ ಎಂಟೇ ಆದರು ಎಂಬುದನ್ನೂ ಕೇಳಬೇಕು. ನನ್ನ ತರಗತಿಗೆ ಬಸ್ಸಿನಲ್ಲಿ ಬರುತ್ತಿದ್ದವರಲ್ಲಿ ಮೂವರು ಈ ವರ್ಷ ಸಾಲ ಮಾಡಿ ಸ್ಕೂಟರ್ ಕೊಂಡರು. ಯಾರಿಗೂ ಸ್ಕೂಟರಿನ ಹುಚ್ಚಿರಲಿಲ್ಲ. ಮಳೆಗಾಲದ ರಾತ್ರಿ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸೇತುವೆ ದಾಟುವುದು ಯಾರಿಗೆ ಬೇಕು? ಬಸ್ಸು ಬಂದರೂ ಬಂತು, ಬಾರದಿದ್ದರೂ ಇಲ್ಲ ಎಂದಾಗ ಜನ ಬಸ್ಸನ್ನು ಬಿಡುತ್ತಾರೆ; ಜನ ಇಲ್ಲವೆಂದು ನೀವು ಟ್ರಿಪ್ ಬಿಡುತ್ತೀರಿ. ಮೊದಲು ಬಿಟ್ಟವರು ಯಾರೆಂದು ಜಗಳ ಮಾಡಲು ನಾನು ಬಂದಿಲ್ಲ. ಕೆನರಾ ಪಬ್ಲಿಕ್ ಕನ್ವೇಯನ್ಸ್ ಎಂಬ ಖಾಸಗಿ ಬಸ್ಸಿನ ಕಂಪೆನಿ 1914ರಲ್ಲೇ ಶುರುವಾದ ಊರಿನವರು ನೀವು. ರಾಜ್ಯದ ಬೇರೆ ಕಡೆ ಸರಕಾರಿ ಬಸ್ಸು ಮಾಡುವ ಕೆಲಸವನ್ನು ಇಲ್ಲಿ ಬಹುಪಾಲು ನೀವೇ ಮಾಡುತ್ತ ಬಂದಿದ್ದೀರಿ. ಆ ಹೆಮ್ಮೆಗೆ ಸಂಜೆ ಏಳರ ಮೇಲೆ ರಜೆ ಇರಬಾರದು.

ಇದೇ ಮಾತು ಅಧಿಕಾರಿಗಳಿಗೆ ಬೇರೆ ರೀತಿಯಲ್ಲಿ ಹೇಳಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿಗೆ ದುಡ್ಡಿಲ್ಲ. ಧಾರವಾಡದಲ್ಲಿ, ಮೈಸೂರಿನಲ್ಲಿ ಓದುವ ನನ್ನ ಓರಗೆಯವರು ಆಧಾರ್ ಕಾರ್ಡ್ ತೋರಿಸಿ ತರಗತಿಗೆ ಹೋಗಿಬರುತ್ತಾರೆ. ನನ್ನ ದಾರಿಯ ಮೂರು ಬಸ್ಸುಗಳೂ ಖಾಸಗಿ. ನಾನೂ ಇದೇ ರಾಜ್ಯದ ಹೆಣ್ಣುಮಗಳು, ನನ್ನ ಆಧಾರ್ ಕಾರ್ಡ್ ಕೂಡ ಅಷ್ಟೇ ಅಸಲಿ. ಅಮ್ಮ ಸಾವಿರ ಬೀಡಿ ಕಟ್ಟಿ ಪಡೆಯುವ ಮಜೂರಿಯಲ್ಲಿ ಒಂದು ಪಾಲು ದಿನಾ ನನ್ನ ಟಿಕೆಟಾಗುತ್ತದೆ. ಖಾಸಗಿಯವರ ಹೊಟ್ಟೆಯ ಮೇಲೆ ಹೊಡೆದು ಎಲ್ಲ ಕಡೆ ಸರಕಾರಿ ಬಸ್ಸು ಹಾಕಿ ಎಂದು ನಾನು ಹೇಳುವುದಿಲ್ಲ. ಯಾರೂ ಓಡಿಸಲು ಒಪ್ಪದ ಹೊತ್ತಿಗಾದರೂ, ಸಂಜೆ ಏಳರಿಂದ ಒಂಬತ್ತೂವರೆಯ ನಡುವೆ, ಗುಡ್ಡೆಗೆ ಹೋಗಿಬರುವ ಎರಡು ಸರಕಾರಿ ಬಸ್ಸು ಕೊಡಿ. ಆ ಹೊತ್ತಿಗೆ ನಷ್ಟವೆಂದು ಖಾಸಗಿಯವರೇ ಹೇಳುತ್ತಿರುವುದರಿಂದ ತಕರಾರು ಬರಬಾರದು.

ಅದಾಗದಿದ್ದರೆ ಇರುವ ಕಾನೂನನ್ನೇ ನೋಡಿ. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಬಸ್ಸಿನ ಪರ್ಮಿಟ್ಟಿಗೆ ಷರತ್ತು ಹಾಕುವ ಅಧಿಕಾರ ಇದೆ, ಒಪ್ಪಿದ ವೇಳೆಗೆ ಬಸ್ಸು ಓಡಿಸಬೇಕೆಂಬುದು ಅಂಥ ಷರತ್ತು. ಷರತ್ತು ಮುರಿದರೆ ಪರ್ಮಿಟ್ ಅಮಾನತು ಮಾಡುವ ಅಧಿಕಾರವೂ ಇದೆ. ನನಗೆ ಯಾರ ಪರ್ಮಿಟ್ಟೂ ಅಮಾನತಾಗುವುದು ಬೇಡ. ಬಸ್ಸು ಇನ್ನಷ್ಟು ಕಡಿಮೆಯಾದೀತು. ಆ ವೇಳೆಗಳನ್ನು ಕಡತದಿಂದ ಹೊರಗೆ ತಂದು ನಿಲ್ದಾಣದ ಗೋಡೆಗೆ ಬರೆಸಿದರೆ ಸಾಕು. ಯಾವ ಬಸ್ಸು, ಎಷ್ಟು ಗಂಟೆಗೆ, ಕೊನೆಯದು ಯಾವುದು. ಗೋಡೆಯ ಮೇಲೆ ಇದ್ದರೆ ಬಾರದ ಬಸ್ಸನ್ನು ನಾವು ಕೇಳಬಹುದು. ಈಗ ಅಂಗಡಿಯವರ ‘ಅಂತೆ’ಯನ್ನು ಕೇಳುತ್ತಿದ್ದೇವೆ. ಇನ್ನೊಂದು ಸಲಹೆ ನನ್ನದಲ್ಲ, ಚಿಕ್ಕಪ್ಪನದು. ರಾತ್ರಿಯ ಟ್ರಿಪ್ ಒಬ್ಬನ ತಲೆಗೇ ಕಟ್ಟಿದರೆ ಅವನು ಕಟ್ ಮಾಡಿಯೇ ಮಾಡುತ್ತಾನೆ; ಆ ದಾರಿಯಲ್ಲಿ ಹಗಲು ದುಡಿಯುವ ಎಲ್ಲ ಬಸ್ಸುಗಳಿಗೂ ವಾರಕ್ಕೊಮ್ಮೆ ಪಾಳಿಯಂತೆ ಹಂಚಿದರೆ ನಷ್ಟವೂ ಹಂಚಿಹೋಗುತ್ತದೆ ಎನ್ನುತ್ತಾರೆ ಅವರು. ಓಡಿಸಿದವರ ಮಾತು, ಕೇಳಬಹುದು.

ನನ್ನ ಓದು ಇನ್ನು ಒಂದು ಸೆಮಿಸ್ಟರಿನಲ್ಲಿ ಮುಗಿಯುತ್ತದೆ. ಈ ಪತ್ರಕ್ಕೆ ಉತ್ತರ ಬರುವ ಹೊತ್ತಿಗೆ ನಾನು ಗುಡ್ಡೆಯಲ್ಲಿ ಇರದೆಯೂ ಹೋಗಬಹುದು. ನಮ್ಮ ಊರಿನಿಂದ ಇನ್ನೊಬ್ಬಳು ಮುಂದಿನ ವರ್ಷ ಇಲ್ಲಿಗೆ ಸೇರುತ್ತೇನೆ ಎನ್ನುತ್ತಿದ್ದಾಳೆ, ಇತಿಹಾಸ ಓದಲು. ಸಂಜೆ ಎಷ್ಟು ಗಂಟೆಗೆ ಮನೆಗೆ ಬರಬಹುದು ಎಂದು ಅವಳ ಅಮ್ಮ ಮೊನ್ನೆ ನನ್ನನ್ನು ಕೇಳಿದರು. ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ.

ಇತಿ,
ಮಂಗಳಗಂಗೋತ್ರಿಯ ಒಬ್ಬ ವಿದ್ಯಾರ್ಥಿನಿ

ಮರೆತಿದ್ದೆ: ಜುಲೈ ತಿಂಗಳ ಆ ಸಂಜೆ ‘ನಾಳೆ ಕೊಡಿ’ ಎಂದ ಕಂಡಕ್ಟರರು ಆಮೇಲೆ ಆ ದಾರಿಯಲ್ಲಿ ಕಾಣಲಿಲ್ಲ. ಬೇರೆ ಬಸ್ಸಿಗೆ ಹೋಗಿದ್ದಾರಂತೆ. ಅವರ ಟಿಕೆಟಿನ ದುಡ್ಡು ನನ್ನ ಪರ್ಸಿನ ಒಳಗಿನ ಜೇಬಿನಲ್ಲಿ, ಬೇರೆಯಾಗಿ, ಹಾಗೇ ಇದೆ.